ಬಳ್ಳಾರಿಯ ಮನೆಗೆ ಸ್ಟೇರ್ ಲಿಫ್ಟ್: ಮಷೀನಿಗೆ ನಾಲ್ಕು ಸ್ಟಾರ್, ಸರ್ವಿಸಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಸ್ಟೇರ್ ಲಿಫ್ಟ್, ಅಂದರೆ ಮೆಟ್ಟಿಲಿನ ಮೇಲೆ ಹಾಕಿದ ಹಳಿಯಲ್ಲಿ ಕೂತವರನ್ನು ಹತ್ತಿಸಿ ಇಳಿಸುವ ಕುರ್ಚಿ, ಹಾಕಿಸಿದ್ದು ಒಳ್ಳೆಯದೇ ಆಯಿತು. ಮಷೀನಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಸರ್ವಿಸಿಗೆ ಎರಡು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಆ ಎರಡು ಸ್ಟಾರ್ ಯಾಕೆ ಅಂತ ತಿಳಿದುಕೊಂಡೇ ಕೊಳ್ಳಲಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಂಪನಿ ಹೆಸರು, ಡೀಲರ್ ಹೆಸರು ಹಾಕುವುದಿಲ್ಲ. ಅದೇ ಮಷೀನು ಬೆಂಗಳೂರಿನಲ್ಲಿ ಇರುವವರಿಗೆ ಏನೂ ತೊಂದರೆ ಕೊಟ್ಟಿರಲಿಕ್ಕಿಲ್ಲ. ನಮ್ಮ ಬಿಸಿಲು ಮತ್ತು ಬೆಂಗಳೂರಿನಿಂದ ನಮಗಿರುವ ದೂರ ಸೇರಿದಾಗ ಲೆಕ್ಕವೇ ಬೇರೆ ಆಗುತ್ತದೆ.

ನಮ್ಮ ಮನೆ ಕೌಲ್ ಬಜಾರ್ ಕಡೆ. ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್, ಮೇಲೆ ಮನೆ. ಅತ್ತೆಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಸವೆದಿವೆ, ಶುಗರ್ ಬೇರೆ. ಹಾರ್ಟಿನ ತೊಂದರೆ ಇರುವುದರಿಂದ ಮೊಣಕಾಲಿನ ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ ಡಾಕ್ಟರು. ಹಾಗಾಗಿ ಅವರು ಮೇಲೆಯೇ ಉಳಿದುಬಿಟ್ಟಿದ್ದರು. ಪ್ರತಿ ಮಂಗಳವಾರ ಕನಕ ದುರ್ಗಮ್ಮನ ಗುಡಿಗೆ ಹೋಗುತ್ತಿದ್ದವರು ಅದನ್ನೂ ಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ನಮ್ಮ ಮನೆಯವರು ಮತ್ತು ಯೂನಿಟ್ಟಿನ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿಸುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು ದುರ್ಗಮ್ಮನ ಹೆಸರು ಹೇಳುತ್ತಿದ್ದರು, ನೋಡುವ ನನಗೂ ಜೀವ ಬಾಯಿಗೆ ಬರುತ್ತಿತ್ತು. ದಯವಿಟ್ಟು ಯಾರೂ ಹಾಗೆ ಇಳಿಸಬೇಡಿ. ಒಬ್ಬರ ಕಾಲು ಜಾರಿದರೆ ಮೂವರೂ ಬೀಳುತ್ತಾರೆ.

ನಿಮಗೆ ಕೆಳಗೆ ಒಂದು ರೂಮು, ಒಂದು ಬಾತ್‌ರೂಮು ಮಾಡುವಷ್ಟು ಜಾಗ ಇದ್ದರೆ ಅದನ್ನೇ ಮಾಡಿ. ನಿಜವಾಗಿಯೂ ಹೇಳುತ್ತಿದ್ದೇನೆ, ಲಕ್ಷಗಟ್ಟಲೆ ಹಾಕುವ ಅಗತ್ಯವೇ ಇಲ್ಲ. ಇನ್ನೂ ಹೇಗೋ ಹತ್ತಿ ಇಳಿಯುವ ಶಕ್ತಿ ಇದೆ ಅನ್ನುವವರು ಮೊದಲು ಮೆಟ್ಟಿಲಿನ ಎರಡೂ ಬದಿಗೆ ಗಟ್ಟಿ ರೇಲಿಂಗ್ ಹಾಕಿಸಿ, ಒಳ್ಳೆ ಲೈಟ್ ಹಾಕಿಸಿ, ಅದರಲ್ಲೇ ಕೆಲವು ವರ್ಷ ಸುಧಾರಿಸಬಹುದು. ನಮಗೆ ಕೆಳಗೆ ಮಷೀನುಗಳು, ಕಟಿಂಗ್ ಟೇಬಲ್ಲು, ಬಟ್ಟೆಯ ಥಾನು, ಎಲ್ಲಿಯೂ ಮಂಚ ಹಾಕುವಂತಿರಲಿಲ್ಲ. ಮನೆಯೊಳಗಿನ ಪೂರ್ತಿ ಲಿಫ್ಟ್ ಅಂದರೆ ಸ್ಲ್ಯಾಬ್ ಒಡೆಯಬೇಕು, ಯೂನಿಟ್ಟಿನ ಜಾಗ ಹೋಗುತ್ತದೆ, ದುಡ್ಡೂ ಜಾಸ್ತಿ. ಮೆಟ್ಟಿಲು ಹತ್ತುವ ಬ್ಯಾಟರಿ ವೀಲ್‌ಚೇರ್ ಕೂಡ ವಿಚಾರಿಸಿದೆವು. ಅದನ್ನು ಹಿಂದಿನಿಂದ ಹಿಡಿದು ನಡೆಸುವುದಕ್ಕೆ ಪ್ರತಿ ಸಲ ತಿಳಿದವರೊಬ್ಬರು ಬೇಕು. ನಾನೊಬ್ಬಳೇ ಇರುವ ಮಧ್ಯಾಹ್ನ ಅದು ಮೂಲೆಯಲ್ಲಿ ನಿಲ್ಲುತ್ತದೆ ಅಷ್ಟೇ.

ಇನ್ನು ಸ್ಟೇರ್ ಲಿಫ್ಟ್. ತುಂಬಾ ಜನ ಇದನ್ನು ಗೋಡೆಗೆ ಹಾಕುತ್ತಾರೆ ಅಂದುಕೊಂಡಿದ್ದಾರೆ. ಅಲ್ಲ. ಹಳಿಯ ಕೆಳಗೆ ಸಣ್ಣ ಕಾಲುಗಳು ಇರುತ್ತವೆ, ಅವುಗಳನ್ನು ಮೆಟ್ಟಿಲಿಗೇ ಬೋಲ್ಟ್ ಮಾಡುತ್ತಾರೆ. ಹಳಿಯಲ್ಲಿ ಹಲ್ಲುಗಳ ಪಟ್ಟಿ ಇರುತ್ತದೆ, ಕುರ್ಚಿಯ ಕೆಳಗಿನ ಮೋಟಾರಿನ ಗೇರ್ ಆ ಹಲ್ಲು ಹಿಡಿದುಕೊಂಡು ಹತ್ತುತ್ತದೆ. ಇಷ್ಟೇ ಅದರ ಗುಟ್ಟು. ಅಮೆರಿಕದಲ್ಲಿ 1920ರ ದಶಕದಲ್ಲೇ ಇಂಥದ್ದು ಬಂದಿತ್ತು, ಇಂಗ್ಲೆಂಡಿನ ಸ್ಟಾನಾ ಕಂಪನಿ 1975ರಿಂದ ಮಾಡುತ್ತಿದೆ. ಅದಕ್ಕೇ ಯಾರಾದರೂ "ಹೊಸ ಟೆಕ್ನಾಲಜಿ ಮೇಡಂ" ಅಂತ ಬೆಲೆ ಏರಿಸಲು ನೋಡಿದರೆ ಒಪ್ಪಬೇಡಿ. ಇದು ಹಳೆಯ, ಪಳಗಿದ ಮಷೀನು. ಒಳ್ಳೆಯ ಕಂಪನಿಗಳ ಮಷೀನುಗಳಲ್ಲಿ ಓಡುವ ವಿಷಯಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ನಿಮ್ಮ ಮೆಟ್ಟಿಲಿನಲ್ಲಿ, ಕೂರುವವರಲ್ಲಿ, ಮತ್ತು ಕೆಟ್ಟಾಗ ಬರುವವರಲ್ಲಿ.

ಬೆಲೆ ತೀರ್ಮಾನ ಮಾಡುವುದು ಮೆಟ್ಟಿಲು. ಕೆಳಗಿನಿಂದ ಮೇಲಿನ ತನಕ ತಿರುವೇ ಇಲ್ಲದೆ ನೇರ ಹೋಗುವ ಮೆಟ್ಟಿಲಾದರೆ ನಿಮ್ಮ ಅದೃಷ್ಟ. ನೇರ ಹಳಿ ರೆಡಿ ಇರುತ್ತದೆ, ಅಳತೆಗೆ ಕತ್ತರಿಸಿ ಕೆಲವೇ ಗಂಟೆಯಲ್ಲಿ ಕೂರಿಸಿ ಹೋಗುತ್ತಾರೆ, ಮುಂದೆ ಬೇಡವಾದರೆ ಬಿಚ್ಚಿ ಇನ್ನೊಂದು ಮನೆಗೂ ಹಾಕಬಹುದು. ಆದರೆ ನಮ್ಮ ಕಡೆ ಮನೆಗಳಲ್ಲಿ ಅರ್ಧ ಹತ್ತಿ, ಲ್ಯಾಂಡಿಂಗಿನಲ್ಲಿ ಹಿಂದಕ್ಕೆ ತಿರುಗಿ, ಇನ್ನರ್ಧ ಹತ್ತುವ ಮೆಟ್ಟಿಲೇ ಜಾಸ್ತಿ, ಅಲ್ವಾ? ಅದಕ್ಕೆ ತಿರುವಿನ ಹಳಿ ಬೇಕು. ಅದನ್ನು ನಿಮ್ಮ ಮೆಟ್ಟಿಲಿನ ಅಳತೆ ತೆಗೆದುಕೊಂಡು ಹೋಗಿ ಫ್ಯಾಕ್ಟರಿಯಲ್ಲಿ ಬಗ್ಗಿಸಿ ತರಬೇಕು, ಹೆಚ್ಚಾಗಿ ಹೊರದೇಶದಿಂದ ಬರುತ್ತದೆ, ವಾರಗಟ್ಟಲೆ ಕಾಯಬೇಕು. ಬೇರೆ ಯಾರ ಮನೆಗೂ ಆ ಹಳಿ ಕೂರುವುದಿಲ್ಲ, ಹಾಗಾಗಿ ಮಾರಲು ಹೋದರೆ ಹಳಿಗೆ ಬೆಲೆ ಸಿಗುವುದಿಲ್ಲ. ನಾವು ವಿಚಾರಿಸಿದಾಗ ನೇರ ಹಳಿಯ ಮಷೀನಿಗೆ ಎರಡೂವರೆಯಿಂದ ಮೂರೂವರೆ ಲಕ್ಷದ ಒಳಗೆ ಹೇಳಿದರು, ತಿರುವಿನದಕ್ಕೆ ಏಳು ಲಕ್ಷದ ಆಚೆ. ಮೊದಲ ಸಲ ಕೇಳಿದಾಗ ನಮ್ಮ ಮನೆಯವರು ಸುಮ್ನೆ ಫೋನ್ ಇಟ್ಟುಬಿಟ್ಟರು.

ಆಮೇಲೆ ಒಬ್ಬ ಡೀಲರ್ ಒಂದು ದಾರಿ ಹೇಳಿದ. ಎರಡು ನೇರ ಹಳಿ ಹಾಕಿ, ಎರಡು ಕುರ್ಚಿ ಇಡಿ, ಲ್ಯಾಂಡಿಂಗಿನಲ್ಲಿ ಒಂದರಿಂದ ಎದ್ದು ಇನ್ನೊಂದರಲ್ಲಿ ಕೂತರಾಯಿತು, ತಿರುವಿನದಕ್ಕಿಂತ ಕಡಿಮೆಗೆ ಆಗುತ್ತದೆ ಅಂತ. ಮಾತು ಸುಳ್ಳಲ್ಲ. ಉಸಿರಾಟದ ತೊಂದರೆ ಇರುವವರಿಗೆ, ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ ಇದು ಒಳ್ಳೆಯ ಉಪಾಯ. ಆದರೆ ಮೊಣಕಾಲು ಸವೆದವರನ್ನು ಸ್ವಲ್ಪ ಗಮನಿಸಿ ನೋಡಿ. ಅವರಿಗೆ ನಡೆಯುವುದಕ್ಕಿಂತ ಕೂತಲ್ಲಿಂದ ಏಳುವುದೇ ಜಾಸ್ತಿ ಕಷ್ಟ. ನಮ್ಮ ಅತ್ತೆ ಎದ್ದೇಳುವ ಮುಂಚೆ ಎರಡು ಸಲ ಮುಂದಕ್ಕೆ ತೂಗಿ, ಕೈ ಊರಿ, ಹಲ್ಲು ಕಚ್ಚಿ ಏಳುತ್ತಾರೆ. ಒಂದು ಸಲ ಮೇಲೆ ಹೋಗುವುದಕ್ಕೆ ಎರಡು ಸಲ ಏಳಿಸುವುದು, ಅದೂ ಮೆಟ್ಟಿಲಿನ ಅಂಚಿನಲ್ಲಿ, ನನಗೆ ಮನಸ್ಸು ಒಪ್ಪಲಿಲ್ಲ. ಯೂನಿಟ್ಟಿಗೆ ಹೊಸ ಮಷೀನು ತರೋಣ ಅಂತ ಇಟ್ಟಿದ್ದ ದುಡ್ಡನ್ನೂ ಸೇರಿಸಿ ತಿರುವಿನದೇ ತೆಗೆದುಕೊಂಡೆವು. ಈ ತೀರ್ಮಾನ ಸರಿ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಅಳತೆಗೆ ಬಂದ ಹುಡುಗ ಚೆನ್ನಾಗಿ ಕೆಲಸ ಮಾಡಿದ. ಮೆಟ್ಟಿಲ ಮೇಲೆಲ್ಲ ನಂಬರ್ ಇರುವ ಸ್ಟಿಕ್ಕರ್ ಇಟ್ಟು ಒಂದೊಂದು ಕೋನದಿಂದ ಫೋಟೋ ತೆಗೆದ, ಆ ಫೋಟೋಗಳಿಂದಲೇ ಕಂಪ್ಯೂಟರಿನಲ್ಲಿ ಹಳಿಯ ನಕ್ಷೆ ಆಗುತ್ತದಂತೆ. ಆಮೇಲೆ ಅವನು ಮಾಡಿದ ಕೆಲಸ ನನಗೆ ಇನ್ನೂ ಇಷ್ಟವಾಯಿತು. ಬಗ್ಗಿ ಪ್ರತಿ ಮೆಟ್ಟಿಲನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳಿದ. ನಮ್ಮ ಮೆಟ್ಟಿಲಿಗೆ ಗ್ರಾನೈಟ್ ಹಾಸಿದೆ. ಲ್ಯಾಂಡಿಂಗಿನ ಕೆಳಗಿನ ಒಂದು ಮೆಟ್ಟಿಲು ಡಬ್ ಡಬ್ ಅಂತ ಟೊಳ್ಳು ಸದ್ದು ಮಾಡಿತು. ಮೇಸ್ತ್ರಿ ಹಾಸುವಾಗ ಕಲ್ಲಿನ ಕೆಳಗೆ ಗಾರೆ ಪೂರ್ತಿ ತುಂಬಿರಲಿಲ್ಲ. ಅಂಥ ಕಲ್ಲಿಗೆ ಡ್ರಿಲ್ ಇಟ್ಟರೆ ಸೀಳುತ್ತದೆ, ಸೀಳದಿದ್ದರೂ ಬೋಲ್ಟ್ ಹಿಡಿಯುವುದಿಲ್ಲ. ಮೊದಲು ಆ ಕಲ್ಲು ತೆಗೆಸಿ ಮತ್ತೆ ಕೂರಿಸಿದೆವು. ಗ್ರಾನೈಟ್ ಇರಲಿ, ಕಡಪ ಕಲ್ಲಿರಲಿ, ಟೈಲ್ಸ್ ಇರಲಿ, ನಿಮ್ಮ ಮನೆಗೆ ಅಳತೆಗೆ ಬಂದವರು ಮೆಟ್ಟಿಲು ಕುಟ್ಟಿ ನೋಡದಿದ್ದರೆ ನೀವೇ ಒಂದು ನಾಣ್ಯದಿಂದ ಕುಟ್ಟಿ ನೋಡಿ.

ಅಗಲ ಸಾಮಾನ್ಯವಾಗಿ ಎರಡೂವರೆ ಅಡಿಯಾದರೂ ಬೇಕು. ಕುರ್ಚಿ ಮಡಚಿದರೂ ಒಂದಡಿಗಿಂತ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ. ನಮ್ಮದು ಮೂರಡಿ, ಮಡಚಿಟ್ಟಾಗ ಉಳಿದವರು ಆರಾಮಾಗಿ ಓಡಾಡುತ್ತೇವೆ, ಗ್ಯಾಸ್ ಸಿಲಿಂಡರ್ ತರುವವನು ಮಾತ್ರ ಸ್ವಲ್ಪ ಗೊಣಗುತ್ತಾನೆ. ಮೆಟ್ಟಿಲಿನ ಬುಡದಲ್ಲೇ ಬಾಗಿಲಿದ್ದರೆ ಹಳಿಯ ತುದಿ ಅಡ್ಡ ಬರುತ್ತದೆ, ಅದಕ್ಕೆ ಮಡಚುವ ತುದಿಯ ಹಳಿ ಸಿಗುತ್ತದೆ, ಅದರ ರೇಟು ಬೇರೆ.

ಈಗ ಕೂರುವವರ ವಿಷಯ. ಬ್ರೋಷರ್ ನೋಡಿ ಆರ್ಡರ್ ಕೊಡಬೇಡಿ. ಈಗಾಗಲೇ ಹಾಕಿಸಿರುವ ಒಂದು ಮನೆ ತೋರಿಸಿ ಅಂತ ಡೀಲರನ್ನು ಕೇಳಿ. ನಾವು ಹೊಸಪೇಟೆಯ ಒಂದು ಮನೆಗೆ ಅತ್ತೆಯನ್ನೇ ಕರೆದುಕೊಂಡು ಹೋದೆವು. ಪುಣ್ಯಕ್ಕೆ ಅವರದ್ದು ನೆಲ ಅಂತಸ್ತಿನಿಂದ ಶುರುವಾಗುವ ಲಿಫ್ಟು, ಕಾರಿನಿಂದ ಇಳಿದು ನೇರ ಕೂತು ನೋಡಿದರು. ಆಗ ಗೊತ್ತಾಗಿದ್ದು, ಇವರ ಬೆರಳಿಗೆ ಆ ಕುರ್ಚಿಯ ಗುಂಡಿ ಗಟ್ಟಿಯಾಗುತ್ತಿತ್ತು. ಈ ಮಷೀನುಗಳಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದು ಸುರಕ್ಷತೆಗೆ. ಆದರೆ ಸಂಧಿವಾತ ಇರುವವರಿಗೆ, ಲಕ್ವಾ ಹೊಡೆದವರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಒತ್ತಿ ಹಿಡಿಯುವುದೇ ದೊಡ್ಡ ಕೆಲಸ. ನಮ್ಮದರಲ್ಲಿ ಅಂಗೈಯಿಂದ ತಳ್ಳಿದರೂ ಆಗುವ ಅಗಲ ಲಿವರ್ ಹಾಕಿಸಿದೆವು, ಬಲಗೈ ಕಡೆ. ಯಾವ ಕೈ ಗಟ್ಟಿ ಇದೆಯೋ ಆ ಕಡೆ ಹಾಕಿಕೊಡುತ್ತಾರೆ, ಮೊದಲೇ ಹೇಳಬೇಕು. ಮರೆವಿನ ಕಾಯಿಲೆ ಇರುವವರಿಗೆ, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರಲಾಗದವರಿಗೆ ಇದು ಹೊಂದುವುದಿಲ್ಲ. ನಡುದಾರಿಯಲ್ಲಿ ಬೆಲ್ಟ್ ಬಿಚ್ಚಿ ಎದ್ದರೆ ಏನು ಗತಿ?

ಮೇಲೆ ತಲುಪಿದ ಮೇಲೆ ಕುರ್ಚಿ ತಿರುಗಲೇಬೇಕು. ಇಲ್ಲದಿದ್ದರೆ ಮೆಟ್ಟಿಲಿನ ಕಡೆಗೆ ಕಾಲು ಇಳಿಸಿ ಏಳಬೇಕಾಗುತ್ತದೆ. ಕೈಯಿಂದ ತಿರುಗಿಸುವುದೂ ಇದೆ, ತಾನೇ ತಿರುಗುವುದೂ ಇದೆ. ಮೊಣಕಾಲು ನೋವಿನವರಿಗೆ ತಾನೇ ತಿರುಗುವುದೇ ಸರಿ, ಕಾಲಿನಿಂದ ತಳ್ಳಿಕೊಂಡು ತಿರುಗಲು ಅವರಿಗೆ ಆಗುವುದಿಲ್ಲ. ಪಾದ ಇಡುವ ಪಟ್ಟಿಯೂ ಹಾಗೆಯೇ, ಬಗ್ಗಿ ಮಡಚುವಂಥದ್ದು ಬೇಡ, ಸೀಟು ಎತ್ತಿದರೆ ತಾನೂ ಮೇಲೇಳುವಂಥದ್ದು ಕೇಳಿ.

ಸೀರೆಯ ಮಾತು ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಹಳಿಯ ಕಡೆಗೆ ಸೆರಗು ಇಳಿಬಿದ್ದಿದ್ದರೆ ಹಲ್ಲುಪಟ್ಟಿಗೆ ಹೋಗುವ ಭಯ ಇದ್ದೇ ಇದೆ. ಪಾದದ ಪಟ್ಟಿಯ ಸುತ್ತ ಸೆನ್ಸರ್ ಇದೆ, ಏನಾದರೂ ಗಟ್ಟಿ ವಸ್ತು ತಾಗಿದರೆ ನಿಲ್ಲುತ್ತದೆ, ಆದರೆ ತೆಳು ಬಟ್ಟೆ ತಾಗಿದ್ದು ಅದಕ್ಕೆ ಗೊತ್ತಾಗುತ್ತದೆ ಅಂತ ನಂಬಿ ಕೂರಬೇಡಿ. ನಮ್ಮ ಅತ್ತೆ ಈಗ ಕೂತ ಕೂಡಲೇ ಸೆರಗು ಮುಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎರಡೂ ಮೊಣಕಾಲಿನ ನಡುವೆ ಒತ್ತಿಕೊಂಡು, ಅದರ ಮೇಲೆ ಬೆಲ್ಟ್ ಹಾಕಿಕೊಂಡು, ಆಮೇಲೆ "ಹ್ಞೂಂ, ಹೋಗ್ತೀನಮ್ಮಾ" ಅಂತಾರೆ. ಮೊದಮೊದಲು ನಾನು ಪಕ್ಕದಲ್ಲೇ ಮೆಟ್ಟಿಲು ಹತ್ತುತ್ತಿದ್ದೆ. ನಿಧಾನ ಇದೆ, ಯುರೋಪಿನ ಇಎನ್ 81-40 ಮಾನದಂಡದ ಪ್ರಕಾರ ಇದರ ವೇಗ ಸೆಕೆಂಡಿಗೆ 0.15 ಮೀಟರ್ ದಾಟುವಂತಿಲ್ಲ. ಕೊಳ್ಳುವ ಮಷೀನಿಗೆ ಆ ಮಾನದಂಡದ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ ಕಾಗದ ಇಸ್ಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಕೀ ತೆಗೆದು ಮೇಲಿಡಿ, ಮೊಮ್ಮಕ್ಕಳು ಬಂದಾಗ ಇದಕ್ಕಿಂತ ದೊಡ್ಡ ಆಟದ ಸಾಮಾನು ಇನ್ನೊಂದಿಲ್ಲ.

ಹೊಸಪೇಟೆಯ ಆ ಮನೆಯ ಯಜಮಾನರು ಚಹಾ ಕೊಟ್ಟು ಹೇಳಿದ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. "ಕುರ್ಚಿದೇನೂ ತಂಟೆ ಇಲ್ಲಮ್ಮ. ಬ್ಯಾಟ್ರಿ ಹೋದ್ರೆ ಬರೋರೇ ಇಲ್ಲ, ಅದೊಂದು ನೋಡ್ಕೊಳ್ರಿ" ಅಂದರು.

ಬ್ಯಾಟರಿ ಯಾಕೆ ಅಂದರೆ, ಇದು ಮನೆಯ ಕರೆಂಟಿನಿಂದ ನೇರವಾಗಿ ಓಡುವುದಿಲ್ಲ. ಸೀಟಿನ ಕೆಳಗೆ 12 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಕುರ್ಚಿ ಹಳಿಯ ತುದಿಗೆ ಬಂದು ನಿಂತಾಗ ಅಲ್ಲಿಯ ಚಾರ್ಜಿಂಗ್ ಪಟ್ಟಿಗೆ ತಾಗಿ ಚಾರ್ಜ್ ಆಗುತ್ತವೆ. ಇದರಿಂದ ನಮಗೆ ದೊಡ್ಡ ಅನುಕೂಲ. ಕರೆಂಟ್ ಹೋದರೂ ಅತ್ತೆ ನಡುವೆ ಸಿಕ್ಕಿಕೊಳ್ಳುವುದಿಲ್ಲ, ಇನ್ವರ್ಟರಿಗೂ ಹಾಕಬೇಕಿಲ್ಲ. ಆದರೆ ಈ ಸೀಸದ ಬ್ಯಾಟರಿಗಳಿಗೆ ಸೆಕೆ ಹಿಡಿಸುವುದಿಲ್ಲ. 25 ಡಿಗ್ರಿ ಅವುಗಳಿಗೆ ಹಿತ, ಅದರ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬ್ಯಾಟರಿಯವರೆಲ್ಲ ಹೇಳುವ ಲೆಕ್ಕ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳು 40 ದಾಟುತ್ತದೆ. ನಮ್ಮ ಮೆಟ್ಟಿಲಿನ ತುದಿಯ ಮೇಲೆ ತಗಡಿನ ಶೀಟು ಬೇರೆ. ಅತ್ತೆ ಮೇಲೆ ಇರುವುದರಿಂದ ಕುರ್ಚಿಯೂ ಹಗಲೆಲ್ಲ ಮೇಲೆಯೇ ನಿಲ್ಲುತ್ತಿತ್ತು, ಆ ಕಾವಿನಲ್ಲಿ. ಮೂರು ನಾಲ್ಕು ವರ್ಷ ಬರುತ್ತದೆ ಅಂದಿದ್ದ ಬ್ಯಾಟರಿ ಎರಡನೇ ಬೇಸಿಗೆಯಲ್ಲೇ ಸೋತಿತು. ಬೇಸಿಗೆಯಲ್ಲಿ ಕುರ್ಚಿಯನ್ನು ರಿಮೋಟಿನಿಂದ ಕೆಳಗೆ ಕಳಿಸಿ ತಂಪಿನಲ್ಲಿ ನಿಲ್ಲಿಸಿ, ಬೇಕಾದಾಗ ಕರೆಸಿಕೊಳ್ಳಿ ಅಂತ ಕಂಪನಿಯವರು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯೂನಿಟ್ಟಿಗೆ ಬರುವ ನಮ್ಮ ಎಲೆಕ್ಟ್ರಿಷಿಯನ್ ಹೇಳಿದ. ಅವತ್ತಿನಿಂದ ಹಾಗೆಯೇ ಮಾಡುತ್ತಿದ್ದೇವೆ, ಶೀಟಿನ ಕೆಳಗೆ ಥರ್ಮಾಕೋಲ್ ಕೂಡ ಹೊಡೆಸಿದ್ದೇವೆ.

ಎರಡು ಸ್ಟಾರ್ ಕಥೆ ಇಲ್ಲಿಯೇ ಇದೆ. ಮಾರುವಾಗ "ಬಳ್ಳಾರಿಯಲ್ಲೇ ನಮ್ಮ ಟೆಕ್ನಿಷಿಯನ್ ಇದ್ದಾನೆ" ಅಂದಿದ್ದರು. ಇದ್ದವನು ಅಪಾರ್ಟ್‌ಮೆಂಟ್ ಲಿಫ್ಟ್ ನೋಡುವ ಹುಡುಗ, ಒಳ್ಳೆಯವನೇ, ಆದರೆ ಸ್ಟೇರ್ ಲಿಫ್ಟ್ ಬಿಚ್ಚಿ ಗೊತ್ತಿರಲಿಲ್ಲ. ಮಷೀನು ಬೀಪ್ ಬೀಪ್ ಅಂತ ಕೂಗಲು ಶುರುಮಾಡಿ ನಿಂತಾಗ ಬೆಂಗಳೂರಿಗೆ ಫೋನ್ ಮಾಡಿದರೆ ಟಿಕೆಟ್ ನಂಬರ್ ಕೊಟ್ಟರು, ಮನುಷ್ಯನನ್ನು ಕಳಿಸಲಿಲ್ಲ. ವಾರ ಕಳೆದ ಮೇಲೆ ಒಬ್ಬರು ಹಂಪಿ ಎಕ್ಸ್‌ಪ್ರೆಸ್ಸಿಗೆ ಬಂದರು. ಅಷ್ಟು ದಿನ ಅತ್ತೆ ಮತ್ತೆ ಮೇಲೆಯೇ. ಬಂದವರು ಮಾತ್ರ ಕೆಲಸ ಗೊತ್ತಿದ್ದವರು. ಬ್ಯಾಟರಿ ಬದಲಿಸಿದರು, ಆಮೇಲೆ ಟಾರ್ಚ್ ಹಿಡಿದು ಹಳಿಯ ಹಲ್ಲುಪಟ್ಟಿ ತೋರಿಸಿದರು. ಹಲ್ಲುಗಳ ಸಂದಿಯಲ್ಲಿ ಗ್ರೀಸಿಗೆ ಅಂಟಿಕೊಂಡು ನೀಲಿ ದಾರದ ಚೂರು, ಡೆನಿಮ್ಮಿನ ನಯವಾದ ಜುಂಗು, ಮೇಲೆ ಕೆಂಧೂಳು, ಎಲ್ಲ ಸೇರಿ ಮೆತ್ತಗಿನ ಕಪ್ಪು ನೀಲಿ ಪದರ ಆಗಿತ್ತು. ಹಳೆ ಟೂತ್‌ಬ್ರಷ್ಷಿನಿಂದ ಕೆರೆದು, ಉದ್ದ ಎಳೆಗಳನ್ನು ಚಿಮಟದಿಂದ ಎಳೆದು ತೆಗೆದರು, ಒಂದು ಎಳೆಯಂತೂ ಮೊಳದುದ್ದ ಬಂತು. ಚಾರ್ಜಿಂಗ್ ಪಟ್ಟಿಯ ಮೇಲೂ ಅದೇ ಧೂಳು, ಹಾಗಾಗಿ ಚಾರ್ಜ್ ಕೂಡ ಸರಿ ಆಗುತ್ತಿರಲಿಲ್ಲ. "ಅಮ್ಮಾ, ವಾರಕ್ಕೊಂದು ಸಲ ಒಣ ಬಟ್ಟೆಯಲ್ಲಿ ಒರೆಸಿ ಸಾಕು, ಒದ್ದೆ ಬಟ್ಟೆ ಬೇಡ, ನೀವಾಗಿ ಎಣ್ಣೆ ಹಾಕಬೇಡಿ, ಎಣ್ಣೆಗೆ ಧೂಳು ಇನ್ನೂ ಜಾಸ್ತಿ ಅಂಟುತ್ತೆ" ಅಂತ ಅತ್ತೆಗೇ ಕೂರಿಸಿಕೊಂಡು ಹೇಳಿದರು. ಈಗ ಒರೆಸುವ ಕೆಲಸ ಅತ್ತೆಯದ್ದೇ. ಕುರ್ಚಿಯಲ್ಲಿ ಕೂತು ಸ್ವಲ್ಪ ಸ್ವಲ್ಪ ಇಳಿಸಿಕೊಂಡು ನಿಲ್ಲಿಸಿ ಕೈಗೆಟುಕುವಷ್ಟು ಒರೆಸುತ್ತಾರೆ, ಉಳಿದಿದ್ದು ನಾನು. ನೀವು ಜೀನ್ಸ್ ಹೊಲಿಯದಿರಬಹುದು, ಆದರೆ ಸಂಡೂರು ರಸ್ತೆ ಕಡೆ ಅದಿರಿನ ಧೂಳು, ಗಿಣಿಗೇರಿ ಕಡೆ ಫ್ಯಾಕ್ಟರಿ ಧೂಳು, ರಾಯಚೂರಿನಲ್ಲಿ ಅಕ್ಕಿ ಮಿಲ್ಲಿನ ಹೊಟ್ಟು ಮನೆಯೊಳಗೆ ಬರದೇ ಇರುತ್ತದಾ?

ಕೊಟೇಶನ್ ತೆಗೆದುಕೊಳ್ಳುವಾಗ ಒಂದೇ ಅಂಕಿ ಕೇಳಿ: ಜಿಎಸ್‌ಟಿ, ಸಾಗಾಟ, ಕೂರಿಸುವ ಖರ್ಚು, ಬಂದವರ ಊಟ ವಸತಿ ಎಲ್ಲ ಸೇರಿ ಎಷ್ಟು ಅಂತ. ನಮಗೆ ಬಂದ ಕೊಟೇಶನ್ನುಗಳಲ್ಲಿ ಕಡಿಮೆ ಕಂಡಿದ್ದೇ ಇವೆಲ್ಲ ಸೇರಿಸಿದಾಗ ದುಬಾರಿ ಆಯಿತು. ವಾರಂಟಿಯಲ್ಲಿ ಬ್ಯಾಟರಿ ಇದೆಯಾ ನೋಡಿ, ಎಷ್ಟೋ ಕಡೆ ಇರುವುದಿಲ್ಲ. ಚಾರ್ಜರಿಗೆ ಅರ್ಥಿಂಗ್ ಸರಿ ಇರುವ ಬೇರೆ ಪ್ಲಗ್ ಪಾಯಿಂಟ್ ಮಾಡಿಸಿ, ವೋಲ್ಟೇಜ್ ಏರಿಳಿತ ಇದ್ದರೆ ಸ್ಟೆಬಿಲೈಸರ್ ಹಾಕಿಸಿ. ಮತ್ತೆ ಮುಖ್ಯವಾಗಿ, ಅಡ್ವಾನ್ಸ್ ಕೊಡುವ ಮುಂಚೆ ಸರ್ವಿಸಿಗೆ ಬರುವ ವ್ಯಕ್ತಿಯ ಹೆಸರು, ನಂಬರ್ ಇಸ್ಕೊಂಡು ನೀವೇ ಫೋನ್ ಮಾಡಿ ಮಾತಾಡಿ. "ಈ ಮಷೀನಿನ ಬ್ಯಾಟರಿ ಬದಲಿಸಿದ್ದೀರಾ?" ಅಂತ ಕೇಳಿ. ಒಂದು ಕಂಪನಿಯವರು ಕೊಟ್ಟ ನಂಬರನ್ನು ಯಾರೂ ಎತ್ತಲೇ ಇಲ್ಲ, ಅವರನ್ನು ಅಲ್ಲಿಗೇ ಬಿಟ್ಟೆವು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಹೈದರಾಬಾದಿನಲ್ಲಿ ಸರ್ವಿಸ್ ಇರುವ ಕಂಪನಿಯನ್ನೇ ನೋಡುವುದು ಲೇಸು.

ಹೊರಗಡೆ ಮೆಟ್ಟಿಲು ಇರುವ ಮನೆಯವರು ಕೆಲವರು ಕೇಳಿದ್ದಾರೆ. ಹೊರಗೆ ಹಾಕುವ ಮಾಡೆಲ್ ಬೇರೆಯೇ ಇದೆ, ಮಳೆ ತಡೆಯುವ ಕವರ್ ಕೊಡುತ್ತಾರೆ. ನಮ್ಮ ಬಿಸಿಲಿನಲ್ಲಿ ಬ್ಯಾಟರಿ, ಸೀಟಿನ ರೆಕ್ಸಿನ್, ಗುಂಡಿಯ ಪ್ಲಾಸ್ಟಿಕ್ ಎಷ್ಟು ತಡೆದೀತು ಯೋಚಿಸಿ. ಮೆಟ್ಟಿಲಿನ ಮೇಲೆ ಮೊದಲು ಒಂದು ಚಾವಣಿ ಹಾಕಿಸಿ, ಆಮೇಲೆ ಲಿಫ್ಟಿನ ಮಾತು.

ಅತ್ತೆ ಮಂಗಳವಾರ ಗುಡಿಗೆ ಹೋಗುತ್ತಿದ್ದಾರೆ. ಮಧ್ಯಾಹ್ನ ಯೂನಿಟ್ಟಿಗೆ ಇಳಿದು ದಾರ ಕತ್ತರಿಸುವ ಹೆಂಗಸರ ಜೊತೆ ಕೂತು ತಾವೂ ಕತ್ತರಿ ಹಿಡಿಯುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ. ಎಎಂಸಿ, ಅಂದರೆ ವರ್ಷದ ಸರ್ವಿಸ್ ಒಪ್ಪಂದ, ಮುಗಿಯುತ್ತಾ ಬಂದಿದೆ. ಮುಂದಿನದಕ್ಕೆ ಸಹಿ ಹಾಕುವ ಮುಂಚೆ ಎರಡು ಮಾತು ಕಾಗದದಲ್ಲಿ ಬರೆದುಕೊಡಿ ಅಂತ ಕೇಳಿದ್ದೇವೆ: ದೂರು ಕೊಟ್ಟ 48 ಗಂಟೆಯೊಳಗೆ ಕೆಲಸ ಗೊತ್ತಿರುವವರು ಬರಬೇಕು, ಮತ್ತು ಏಪ್ರಿಲ್‌ಗೆ ಮೊದಲು ಬ್ಯಾಟರಿ ಚೆಕ್ ಮಾಡಿಕೊಡಬೇಕು. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರೆದುಕೊಟ್ಟರೆ ಸರ್ವಿಸಿಗೆ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.